ಎಡೆದೊರೆ ನಾಡಿನಲ್ಲಿ ಒಂಟಿ ಪ್ರವಾಸಿ

ಬೆನ್ನಿಗೊಂದು ಚೀಲ ಏರಿಸಿ, ಎಣಿಕೆಯ ಹಣ ಹಿಡಿದು, ರೋಮ್ ಅಥವಾ ಪ್ರಾಗ್ ನಗರದಲ್ಲಿ ಒಬ್ಬರೇ ಅಲೆದು ಬರುವ ತರುಣ ತರುಣಿಯರು ಈಗ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿಯೂ ಕಾಣಸಿಗುತ್ತಾರೆ. ಅವರ ಮಾತು ಕೇಳಿದರೆ ಇಂಥ ಪ್ರವಾಸದ ಮೊದಲ ದಿನಕ್ಕೆ ಒಂದು ಸಂಪ್ರದಾಯವೇ ಬೆಳೆದಿರುವಂತೆ ತೋರುತ್ತದೆ. ರಾತ್ರಿಯ ಬಂಡಿಯಲ್ಲಿ ಪ್ರಯಾಣ ಮಾಡಿ ಒಂದು ರಾತ್ರಿಯ ವಸತಿಯ ಬಾಡಿಗೆ ಉಳಿಸುವುದು. ಬೆಳಗಾಗುತ್ತಲೇ ಊರಿನ ಅತ್ಯಂತ ಹಳೆಯ ಭಾಗಕ್ಕೆ ಕಾಲುನಡಿಗೆಯಲ್ಲಿ ಹೋಗುವುದು. ಊರಿನವರು ಉಣ್ಣುವಲ್ಲಿ ಉಣ್ಣುವುದು. ಸಂಜೆ ಎತ್ತರದ ಒಂದು ಸ್ಥಳದಲ್ಲಿ ಕುಳಿತು, ತಾನು ಸುತ್ತಿದ ಬೀದಿಗಳನ್ನು ಮೇಲಿನಿಂದ ನೋಡುವುದು.

ಈ ಸಂಪ್ರದಾಯವನ್ನು ಪಾಲಿಸಲು ಸಮುದ್ರ ದಾಟಲೇಬೇಕೆಂಬ ನಿಯಮವೇನೂ ಇಲ್ಲ. ಯೂರೋಪಿನ ಹಳೆಯ ನಗರಕ್ಕೆ ಹೋದವನು ಅಲ್ಲಿ ಹುಡುಕುವುದು ಏನನ್ನು? ಎರಡು ಸಾವಿರ ವರ್ಷದ ಕಲ್ಲು, ಹಲವು ರಾಜ್ಯಗಳು ಕಟ್ಟಿ ಕೆಡವಿದ ಕೋಟೆ, ಹಳೆಯದೊಂದು ಇಗರ್ಜಿ, ಪರಿಚಯವಿಲ್ಲದ ರುಚಿಯ ಊಟ, ಕಿವಿಗೆ ಹೊಸದಾದ ನುಡಿ. ಇವಿಷ್ಟೂ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಒಂದೇ ಹೆದ್ದಾರಿಯಲ್ಲಿ ಮತ್ತು ಅದರ ಮಗ್ಗುಲಲ್ಲಿ ದೊರೆಯುತ್ತವೆ. ಆದರೆ ಬೆಂಗಳೂರು ಮೈಸೂರುಗಳಿಂದ ಹೊರಟ ಪ್ರವಾಸಿಗಳು ಹಂಪೆಯನ್ನು ಕಂಡು, ಅಲ್ಲಿಂದಲೇ ಹಿಂದಿರುಗುತ್ತಾರೆ. ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಮುಖ ಮಾಡುವವರು ವಿರಳ. ಹಾಗೆ ದಾಟಿದ ಒಬ್ಬ ತರುಣನ ಕೈಯಲ್ಲಿ ಒಂದು ದಿನವೂ ಐನೂರು ರೂಪಾಯಿಯೂ ಇದೆ ಎನ್ನಿ. ಆ ದಿನ ಹೇಗೆ ಕಳೆದೀತು?

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ದೊರೆ ಎಂದರೆ ಇಲ್ಲಿ ಅರಸನಲ್ಲ, ಹೊಳೆ. ತೊರೆ ಎಂಬ ಮಾತಿನ ಬಂಧು. ಆದರೂ ಈ ಎರಡು ಹೊಳೆಗಳ ನಡುವಿನ ಮಣ್ಣಿಗಾಗಿ ಬಡಿದಾಡಿದ ದೊರೆಗಳ ಪಟ್ಟಿಯನ್ನು ನೋಡಿದರೆ, ಆ ಹೆಸರನ್ನು ಎರಡನೆಯ ಅರ್ಥದಲ್ಲಿ ತೆಗೆದುಕೊಂಡರೂ ತಪ್ಪಾಗದೆನ್ನಿಸುತ್ತದೆ. ಚಾಲುಕ್ಯರು ಮತ್ತು ಚೋಳರು, ಬಹಮನಿಗಳು ಮತ್ತು ವಿಜಯನಗರದವರು, ಆದಿಲಶಾಹಿಗಳು, ನಿಜಾಮರು ಎಲ್ಲರೂ ಇಲ್ಲಿ ಬಂದು ಹೋದವರೇ. 1853ರಿಂದ 1860ರವರೆಗೆ ಇಂಗ್ಲಿಷರೂ ಇದನ್ನು ನಿಜಾಮರಿಂದ ಪಡೆದು ಆಳಿ ಹಿಂದಿರುಗಿಸಿದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಈ ಪ್ರದೇಶ ವಿಶಾಲ ಮೈಸೂರು ರಾಜ್ಯವನ್ನು ಕೂಡಿಕೊಂಡಿತು.

ರಾತ್ರಿಯ ಬಸ್ಸು ಬೆಳಗಿನ ಜಾವ ಸಿಂಧನೂರಿನಲ್ಲಿ ಇಳಿಸುತ್ತದೆ. ರೈಲು ಈ ಊರನ್ನು ಮುಟ್ಟಿದ್ದು 2024ರಲ್ಲಷ್ಟೆ. ಅಲ್ಲಿಯವರೆಗೆ ಬಸ್ಸೇ ಗತಿಯಾಗಿತ್ತು. ಮೊದಲ ನೋಟಕ್ಕೆ ಸಿಂಧನೂರು ಪ್ರವಾಸಿಯನ್ನು ನಿರಾಶೆಗೊಳಿಸುತ್ತದೆ. ಇಲ್ಲಿ ಗೋಪುರವಿಲ್ಲ, ಕೋಟೆಯಿಲ್ಲ. ಅಕ್ಕಿಯ ಗಿರಣಿಗಳು, ಗೊಬ್ಬರದ ಅಂಗಡಿಗಳು, ಟ್ರ್ಯಾಕ್ಟರುಗಳ ಬಿಡಿಭಾಗಗಳ ಮಳಿಗೆಗಳು, ಸಾಲುಗಟ್ಟಿದ ಲಾರಿಗಳು, ಇವೇ ಕಾಣುತ್ತವೆ. ಈ ಊರಿನ ಇತಿಹಾಸ ಕಲ್ಲಿನಲ್ಲಿಲ್ಲ, ನೀರಿನಲ್ಲಿದೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು ನಿಂತು, ಇನ್ನೂರು ಕಿಲೋಮೀಟರಿಗೂ ಮೀರಿದ ಎಡದಂಡೆಯ ಕಾಲುವೆ ಹರಿಯತೊಡಗಿದ ಮೇಲೆ, ಜೋಳ ಹತ್ತಿಗಳನ್ನು ಮಳೆಯ ನಂಬಿಕೆಯ ಮೇಲೆ ಬಿತ್ತುತ್ತಿದ್ದ ನೆಲದಲ್ಲಿ ಬತ್ತದ ಗದ್ದೆಗಳು ತಲೆಯೆತ್ತಿದವು. ನೀರಾವರಿಯಲ್ಲಿ ಪಳಗಿದ ಆಂಧ್ರದ ಬೇಸಾಯಗಾರರು ಬಂದು ನೆಲೆಸಿದರು; ಅವರು ನೆಲೆಸಿದ ಊರುಗಳು ಇಂದಿಗೂ ಕ್ಯಾಂಪುಗಳೆಂದೇ ಹೆಸರಾಗಿವೆ. ಪೂರ್ವ ಪಾಕಿಸ್ತಾನದಿಂದ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ನಿರಾಶ್ರಿತರಿಗೂ ಸರಕಾರ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಆ ಶಿಬಿರಗಳಲ್ಲಿ ಇಂದಿಗೂ ಮೀನೂ ಅನ್ನವೂ ದಿನದ ಊಟ. ನವರಾತ್ರಿಯಲ್ಲಿ ದುರ್ಗಾಪೂಜೆಯ ಡಂಗುರ. ಸಿಂಧನೂರಿನ ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುವುದು ಆಶ್ಚರ್ಯವಲ್ಲ. ಯೂರೋಪಿನ ಯಾವ ದೊಡ್ಡ ರೈಲು ನಿಲ್ದಾಣದಲ್ಲಿಯೂ ಇಷ್ಟೇ ತಾನೆ ವೈವಿಧ್ಯ?

ಚಹದ ಅಂಗಡಿಯವನು ಒಂಟಿ ಪ್ರವಾಸಿಗೆ ಮೊದಲ ಮಾರ್ಗದರ್ಶಿ. “ಯಾವೂರಿಂದ ಬಂದೀರ್ರಿ?” ಎಂಬ ಪ್ರಶ್ನೆಗೆ ಮುಖ ಗಂಟಿಕ್ಕಬಾರದು, ಅದು ಅಧಿಕಪ್ರಸಂಗವಲ್ಲ, ಈ ಸೀಮೆಯ ನಮಸ್ಕಾರ. ಮಸ್ಕಿಗೆ ಹೋಗುವ ಬಸ್ಸು ಯಾವ ಕಟ್ಟೆಗೆ ಬರುತ್ತದೆ, ಸೀಟು ಹೇಗೆ ಹಿಡಿಯಬೇಕು, ಮಧ್ಯಾಹ್ನದ ಬಿಸಿಲಿಗೆ ಎಲ್ಲಿ ತಂಗಬೇಕು ಎಂಬ ಮೂರು ವಿಷಯಗಳೂ ಒಂದು ಬಸಿ ಚಹ ಮುಗಿಯುವುದರೊಳಗೆ ತಿಳಿದುಬರುತ್ತವೆ. ಜೊತೆಗೆ ಒಗ್ಗರಣೆ ಹಾಕಿದ ಮಂಡಾಳು, ಅದರ ಮೇಲೊಂದು ಬಿಸಿ ಮಿರ್ಚಿ. ಹಣದ ಲೆಕ್ಕ ಇಡುವವನಿಗೆ ಇದಕ್ಕಿಂತ ಒದಗುವ ಉಪಾಹಾರ ಮತ್ತೊಂದಿಲ್ಲ. ಪ್ರವಾಸಿ ತರುಣನಾಗಿರದೆ ನಮ್ಮ ರಾಜ್ಯದ ತರುಣಿಯೇ ಆಗಿದ್ದರೆ ಲೆಕ್ಕ ಇನ್ನೂ ಹಗುರ. 2023ರ ಜೂನ್ ತಿಂಗಳಿಂದ ಸಾರಿಗೆ ಸಂಸ್ಥೆಯ ಸಾದಾ ಬಸ್ಸಿನಲ್ಲಿ ಆಕೆಗೆ ಟಿಕೀಟಿನ ಖರ್ಚಿಲ್ಲ.

ಬಸ್ಸು ವಾಯವ್ಯಕ್ಕೆ ಸಾಗಿದಂತೆ ಹಸಿರು ಹಿಂದೆ ಸರಿಯುತ್ತದೆ. ಕಾಲುವೆಯ ಅಂಚು ದಾಟಿದೊಡನೆ ಕಪ್ಪು ಎರೆಭೂಮಿ, ಜೋಳ, ತೊಗರಿ. ಅಲ್ಲಲ್ಲಿ ಯಾರೋ ರಾಶಿ ಹಾಕಿ ಮರೆತುಹೋದಂಥ ಬಂಡೆಗುಡ್ಡಗಳು. ಮುಕ್ಕಾಲು ಗಂಟೆಯ ಹಾದಿಯಲ್ಲಿ ಮಸ್ಕಿ ಬರುತ್ತದೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಪಕ್ಕದಲ್ಲಿ ಹಳ್ಳ, ಮೇಲೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮಲ್ಲಿಕಾರ್ಜುನನ ಗುಡಿ. ಇಲ್ಲಿ ಇಳಿದವನು ಮೊದಲು ಮಾಡಬೇಕಾದ ನಿಶ್ಚಯವೊಂದಿದೆ: ಮಧ್ಯಾಹ್ನದವರೆಗೆ ಬೇರೆಲ್ಲಿಗೂ ಹೋಗುವುದಿಲ್ಲ ಎಂಬುದು. ಗಡಿಯಾರ ನೋಡಿಕೊಂಡು ಹತ್ತು ನಿಮಿಷದಲ್ಲಿ ಮುಗಿಸುವವನಿಗೆ ಮಸ್ಕಿ ತೋರಿಸುವುದು ಒಂದು ಬಂಡೆಯನ್ನು ಮಾತ್ರ.

ಊರಿನ ಮಗ್ಗುಲ ಗುಡ್ಡದ ಇಳಿಜಾರಿನಲ್ಲಿ ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ ಗವಿಯಂತಾಗಿವೆ. ಅಲ್ಲಿಯ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಕೆಲವು ಸಾಲುಗಳು. ದಾರಿ ತೋರಿಸುವ ಹಲಗೆ ಕಾಣದೆ ಹೋದರೆ ಗಾಬರಿಯಾಗಬೇಕಾಗಿಲ್ಲ. “ಅಶೋಕನ ಕಲ್ಲು ಎಲ್ಲೈತ್ರಿ?” ಎಂದರೆ ಆಡು ಕಾಯುವ ಹುಡುಗನೂ ಕೈ ತೋರಿಸುತ್ತಾನೆ. ವಿಸ್ಮಯದ ಸಂಗತಿಯೆಂದರೆ, ಆ ಹುಡುಗನ ಬಾಯಿಯಲ್ಲಿ ಅಷ್ಟು ಸಲೀಸಾಗಿ ಬರುವ ಹೆಸರು ನೂರು ಚಿಲ್ಲರೆ ವರ್ಷಗಳ ಹಿಂದೆ ಭಾರತದ ಅಶೋಕಶಾಸನಗಳಲ್ಲಿ ಎಲ್ಲಿಯೂ ಓದಲು ಸಿಕ್ಕಿರಲಿಲ್ಲ.

ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಾಗ, ದೇಶದ ಉದ್ದಗಲಕ್ಕೂ ಕಂಬಗಳ ಮೇಲೆ ಬಂಡೆಗಳ ಮೇಲೆ ಮಾತಾಡುತ್ತಿದ್ದ ಅರಸನು ತನ್ನನ್ನು ದೇವಾನಂಪಿಯ, ಪಿಯದಸಿ ಎಂದು ಮಾತ್ರ ಕರೆದುಕೊಂಡದ್ದು ತಿಳಿಯಿತು. ದೇವತೆಗಳಿಗೆ ಪ್ರಿಯನಾದವನು, ಪ್ರೀತಿಯ ನೋಟವುಳ್ಳವನು; ಇವು ಬಿರುದುಗಳಾದವೇ ಹೊರತು ಹೆಸರಾಗಲಿಲ್ಲ. ಈತ ಯಾರು? ಸಿಂಹಳದ ಪಾಲಿ ಇತಿಹಾಸಗ್ರಂಥಗಳನ್ನು ಅಭ್ಯಾಸ ಮಾಡುತ್ತಿದ್ದ ಜಾರ್ಜ್ ಟರ್ನರ್, ಇವನು ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂದು ಗುರುತಿಸಿದ. ಗುರುತು ಸರಿಯಾಗಿತ್ತು. ಆದರೆ ಅರಸನ ಬಾಯಿಂದಲೇ ಆ ಹೆಸರು ಹೊರಟಿರಲಿಲ್ಲ. ಮುಂದೆ ಸುಮಾರು ಎಂಟು ದಶಕಗಳ ಕಾಲ ವಿದ್ವಾಂಸರು ನೆರೆಮನೆಯವರ ಸಾಕ್ಷ್ಯವನ್ನು ನಂಬಿಕೊಂಡೇ ನಡೆದರು.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಗುಡ್ಡಗಳಲ್ಲಿ ತಿರುಗಾಡುತ್ತಿದ್ದನು. ಆತ ಹುಡುಕುತ್ತಿದ್ದದ್ದು ಚಿನ್ನವನ್ನು. ಅವನ ಕಣ್ಣಿಗೆ ಬಿದ್ದದ್ದು ಈ ಅಕ್ಷರಗಳು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅವನ್ನು ಓದಿ ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಶಾಸನದ ಆರಂಭದಲ್ಲಿಯೇ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ದೇವಾನಾಂಪ್ರಿಯನಾದ ಅಶೋಕನ ಮಾತು ಎಂದರ್ಥ. ಎರಡು ಸಾವಿರ ವರ್ಷ ಹೆಸರು ಮರೆಸಿಕೊಂಡಿದ್ದ ಚಕ್ರವರ್ತಿ ಕನ್ನಡ ನಾಡಿನ ಒಂದು ಗವಿಯಲ್ಲಿ ತನ್ನ ಹೆಸರನ್ನು ಹೇಳಿದ್ದನು!

ಮಸ್ಕಿಯ ಈ ಹೆಮ್ಮೆ ಇಂದು ಅದೊಂದರದೇ ಆಗಿ ಉಳಿದಿಲ್ಲವೆಂದು ಹೇಳುವವರಿದ್ದಾರೆ. ನಿಜ, ಮಧ್ಯಪ್ರದೇಶದ ಗುಜರ್ರಾದಲ್ಲಿ, ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಉಡೇಗೋಳಗಳಲ್ಲಿ ಅನಂತರ ದೊರೆತ ಶಾಸನಗಳಲ್ಲಿಯೂ ಅಶೋಕನೆಂಬ ಹೆಸರಿದೆ. ಆದರೆ ಅವು ಬರುವಾಗ ಸಂದೇಹ ಪರಿಹಾರವಾಗಿ ಹೋಗಿತ್ತು. ಅಲ್ಲದೆ ಈ ನಾಲ್ಕರಲ್ಲಿ ಮೂರು ನಮ್ಮ ನೆಲದಲ್ಲಿಯೇ, ಅದೂ ಒಂದೇ ಹೊಳೆಯ ಇಬ್ಬದಿಯಲ್ಲಿ ಇರುವುದು ಯೋಚಿಸತಕ್ಕ ವಿಷಯ. ಬ್ರಹ್ಮಗಿರಿಯ ಶಾಸನ ದಕ್ಷಿಣದಲ್ಲಿ ರಾಜಕುಮಾರನೊಬ್ಬನು ಸುವರ್ಣಗಿರಿಯಲ್ಲಿದ್ದು ಆಡಳಿತ ನಡೆಸುತ್ತಿದ್ದುದನ್ನು ಹೇಳುತ್ತದೆ. ಆ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರು, ಸಮೀಪದ ಕನಕಗಿರಿ ಎಂದು ಕೆಲವರು. ಎರಡು ಹೆಸರುಗಳಲ್ಲಿಯೂ ಹೊಳೆಯುವುದು ಚಿನ್ನವೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿಯಿದೆ. ಅಲ್ಲಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಳಲ್ಲಿ ಹಟ್ಟಿಗೇ ಅಗ್ರಸ್ಥಾನ.

ಗವಿಯಲ್ಲಿ ಕುಳಿತ ಪ್ರವಾಸಿಗೆ ಶಾಸನ ಓದಲು ಬಾರದಿರಬಹುದು. ಆದರೂ ಒಂದು ಅಕ್ಷರವನ್ನು ಯಾರೂ ಗುರುತಿಸಬಹುದು. ಶಾಲೆಯ ಹುಡುಗರು ಕೂಡುವ ಲೆಕ್ಕದಲ್ಲಿ ಬರೆಯುವ ಅಧಿಕ ಚಿಹ್ನೆಯಂತೆ, ಒಂದು ನಿಲುಗೆರೆಯನ್ನು ಒಂದು ಅಡ್ಡಗೆರೆ ಕತ್ತರಿಸಿದರೆ ಅದೇ ಬ್ರಾಹ್ಮಿಯ ‘ಕ’. ಅಶೋಕನ ಹೆಸರಿನ ಮೂರನೆಯ ಅಕ್ಷರ. ಆ ಅಡ್ಡಗೆರೆಯ ತುದಿಗಳು ಶತಮಾನಗಳ ಕಾಲ ಬಾಗಿ ಬಳುಕಿ, ತಲೆಯ ಮೇಲೆ ತಲೆಕಟ್ಟು ಬಂದು, ಇಂದು ನಾವು ಬರೆಯುವ ‘ಕ’ ಆಗಿದೆ. ಕನ್ನಡ ಎಂಬ ಮಾತಿನ ಮೊದಲ ಅಕ್ಷರದ ಮುತ್ತಜ್ಜನನ್ನು ಗುಡ್ಡದ ನೆರಳಿನಲ್ಲಿ ಕುಳಿತು ನೋಡುವುದು ಸಣ್ಣ ಸುಖವಲ್ಲ. ಮಕ್ಕಳನ್ನು ಕರೆದೊಯ್ದವರು ಇದನ್ನು ತೋರಿಸದೆ ಬರಕೂಡದು. ಬೆರಳು ಮಾತ್ರ ತಾಗಿಸಬಾರದು. ಮಳೆಗಾಳಿಗಳು ಎರಡು ಸಾವಿರ ವರ್ಷದಲ್ಲಿ ಸವೆಸಿದ್ದು ಸಾಲದೆ ನಾವೂ ಸವೆಸಬೇಕೆ?

ಇನ್ನು ಶಾಸನ ಹೇಳುವುದೇನು? ತಾನು ಎರಡೂವರೆ ವರ್ಷಕ್ಕೂ ಮಿಗಿಲಾಗಿ ಬುದ್ಧನ ಅನುಯಾಯಿಯಾಗಿರುವುದಾಗಿಯೂ, ಸಂಘವನ್ನು ಸಮೀಪಿಸಿದ ಮೇಲೆ ಹೆಚ್ಚು ಉದ್ಯೋಗಶೀಲನಾದುದಾಗಿಯೂ ಅರಸನು ಹೇಳಿಕೊಳ್ಳುತ್ತಾನೆ. ಮುಂದಿನ ಮಾತು ನಮ್ಮ ಪ್ರವಾಸಿಗೆ ಮನಮುಟ್ಟತಕ್ಕದ್ದು. ಧರ್ಮದಲ್ಲಿ ನಿರತನಾದ ಚಿಕ್ಕ ಮನುಷ್ಯನಿಗೂ ಈ ಫಲ ಸಾಧ್ಯ. ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಭಾವಿಸಬಾರದು. ಇದನ್ನು ಚಿಕ್ಕವರಿಗೂ ಹೇಳಿ, ದೊಡ್ಡವರಿಗೂ ಹೇಳಿ. ಚಿಕ್ಕವನಿಗೆ ಶಾಸನದಲ್ಲಿ ‘ಖುದಕ’, ದೊಡ್ಡವನಿಗೆ ‘ಉಡಾಲಕ’. ಐನೂರು ರೂಪಾಯಿಯ ಪ್ರವಾಸಿ ಖುದಕರ ಪಂಗಡಕ್ಕೆ ಸೇರಿದವನೇ. ಪ್ರವೇಶಕ್ಕೆ ಹಣ ಕೇಳುವ ಎಷ್ಟೋ ಅರಮನೆಗಳಲ್ಲಿ ಅವನನ್ನು ಉದ್ದೇಶಿಸಿ ಬರೆದ ಒಂದು ಮಾತೂ ಇರುವುದಿಲ್ಲ.

ಇದೇ ಶಾಸನದ ಬ್ರಹ್ಮಗಿರಿ ಮೊದಲಾದ ಪಾಠಗಳ ಕೊನೆಯಲ್ಲಿ 256 ಎಂಬ ಅಂಕಿ ಬರುತ್ತದೆ. ಅರಸನು ಮನೆ ಬಿಟ್ಟು ಪ್ರಯಾಣದಲ್ಲಿ ಕಳೆದ ರಾತ್ರಿಗಳ ಎಣಿಕೆ ಇದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಇದು ಅರಮನೆಯಲ್ಲಿ ಕುಳಿತು ಹೊರಡಿಸಿದ ಆಜ್ಞೆಯಲ್ಲ, ದಾರಿಯಲ್ಲಿದ್ದವನು ದಾರಿಹೋಕರಿಗೆ ಹೇಳಿಸಿದ ಮಾತು.

ಗುಡ್ಡವೇರಿ ಮಲ್ಲಿಕಾರ್ಜುನನಿಗೆ ಕೈಮುಗಿದು ಕೆಳಗೆ ನೋಡಿದರೆ ಮಸ್ಕಿಯ ಬಯಲು ಕಾಣುತ್ತದೆ. ರಾಜೇಂದ್ರ ಚೋಳನ ಶಾಸನಗಳು ಚಾಲುಕ್ಯ ಜಯಸಿಂಹನನ್ನು ಸೋಲಿಸಿದೆವೆಂದು ಹೇಳುವ ಮುಸಂಗಿ ಇದೇ ಊರೆಂದು ಬಹುಮಂದಿ ಒಪ್ಪುತ್ತಾರೆ. 1954ರಲ್ಲಿ ಬಿ. ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿ, ಅಶೋಕನಿಗಿಂತ ಎಷ್ಟೋ ಮೊದಲೇ ಸಣ್ಣ ಕಲ್ಲಿನ ಹತಾರುಗಳನ್ನೂ ಅನಂತರ ಕಬ್ಬಿಣವನ್ನೂ ಬಳಸಿದ ಜನ ಇಲ್ಲಿ ಬಾಳಿದ್ದರೆಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಹನ್ನೊಂದು ಗಂಟೆಯ ಬಿಸಿಲು ಕಲ್ಲನ್ನು ಕಾಯಿಸಿರುತ್ತದೆ. ಇಳಿಯುವುದೇ ಲೇಸು. ಮಾರ್ಚಿಯಿಂದ ಮೇವರೆಗೆ ಈ ಕಡೆ ಬರುವ ಸಾಹಸವನ್ನು ಯಾರೂ ಮಾಡದಿರುವುದು ಇನ್ನೂ ಲೇಸು.

ಮಧ್ಯಾಹ್ನದ ಖಾನಾವಳಿ ಒಂಟಿತನಕ್ಕೆ ಒಳ್ಳೆಯ ಔಷಧ. ಉದ್ದನೆಯ ಮೇಜಿನ ಬದಿಯಲ್ಲಿ ಅಪರಿಚಿತರ ನಡುವೆ ಕುಳಿತರೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಶೇಂಗಾದ ಚಟ್ನಿಪುಡಿ, ಮೊಸರು ಬರುತ್ತವೆ. ಮೈಸೂರು ಸೀಮೆಯ ನಾಲಗೆಗೆ ಪುಂಡಿಯ ಹುಳಿ ಮೊದಲ ತುತ್ತಿಗೆ ಚುರುಕಾದೀತು. ಮೂರನೆಯ ತುತ್ತಿಗೆ ಅದೇ ಬೇಕೆನಿಸುತ್ತದೆ. ರೊಟ್ಟಿ ಬಡಿಯುವ ತಾಯಿ, “ಇನ್ನೊಂದು ಹಾಕ್ಲೇನಪಾ?” ಎನ್ನುತ್ತಾಳೆ. “ಸಾಕವ್ವಾ” ಎಂದರೆ, “ಏನ್ ಸಾಕು! ಬಿಸಿಲಾಗ ಅಡ್ಡಾಡಾವ, ಉಣ್ಣು” ಎಂದು ತಟ್ಟೆಗೆ ಬಿದ್ದೇಬಿಡುತ್ತದೆ.

ಲಿಂಗಸುಗೂರಿಗೆ ಬಂದು, ಅಲ್ಲಿಂದ ಹದಿನಾರು ಕಿಲೋಮೀಟರಿನಷ್ಟು ದೂರದ ಮುದಗಲ್ಲಿಗೆ ಮತ್ತೊಂದು ಬಸ್ಸು ಹಿಡಿಯಬೇಕು. ಇಲ್ಲಿ ಸಂದೇಹವೊಂದು ತಲೆದೋರುವುದು ಸಹಜ. ಹಣ ಅರ್ಧ ಕರಗಿದೆ, ಕಾಲು ಸೋತಿವೆ. ಲಿಂಗಸುಗೂರಿನಲ್ಲಿಯೇ ಕೋಣೆ ಹಿಡಿದು ಮಲಗಬಾರದೇಕೆ? ಮಲಗಿದರೆ ಮುದಗಲ್ಲಿನ ಸಂಜೆ ತಪ್ಪುತ್ತದೆ. ಹೋಗಲೇಬೇಕು.

ಮುದಗಲ್ಲಿನ ಹೊರಕೋಟೆಯನ್ನು ಬಳಸಿದ ಕಂದಕ ಕೆಲವೆಡೆ ಐವತ್ತು ಗಜ ಅಗಲ. ಅದರ ಹಿಂದೆ ಕೊತ್ತಳಗಳ ಒಂದು ಸಾಲು, ಅದರ ಹಿಂದೆ ಇನ್ನೂ ಬಲವಾದ ಮತ್ತೊಂದು ಸಾಲು. ಬಿಜಾಪುರದ ಆಶ್ರಯದಲ್ಲಿದ್ದ ಇತಿಹಾಸಕಾರ ಫರಿಶ್ತಾ ಈ ಊರಿನ ಬಗ್ಗೆ ಒಂದು ಕಥೆ ಹೇಳುತ್ತಾನೆ. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಬ್ರಾಹ್ಮಣನೊಬ್ಬನು ಮುದಗಲ್ಲಿನ ಅಕ್ಕಸಾಲಿಗನ ಮನೆಯಲ್ಲಿ ತಂಗಿ, ಅವನ ಮಗಳ ರೂಪಕ್ಕೂ ಜಾಣ್ಮೆಗೂ ಬೆರಗಾಗಿ, ಅವಳಿಗೆ ಸಂಗೀತ ಕಲಿಸಿ, ಆ ಸುದ್ದಿಯನ್ನು ವಿಜಯನಗರದ ದೇವರಾಯನಿಗೆ ಮುಟ್ಟಿಸಿದನಂತೆ. ಅರಮನೆ ಸೇರಿದರೆ ಹೆತ್ತವರನ್ನು ಮತ್ತೆ ಕಾಣಲಾಗದೆಂದು ಹುಡುಗಿ ಒಡವೆಗಳನ್ನು ನಿರಾಕರಿಸಿದಳಂತೆ. ಅರಸನ ಕುದುರೆಪಡೆ ಮುದಗಲ್ಲಿಗೆ ನುಗ್ಗಿದಾಗ ಅವಳ ಮನೆಯವರು ಆಗಲೇ ಊರು ಬಿಟ್ಟಿದ್ದರು. 1406ರ ಬಹಮನಿ–ವಿಜಯನಗರ ಯುದ್ಧಕ್ಕೆ ಫರಿಶ್ತಾ ಕೊಡುವ ಕಾರಣ ಇದು. ಇನ್ನೂರು ವರ್ಷಗಳ ಅನಂತರ ಬರೆದವನ ಮಾತಾದ್ದರಿಂದ ಪೂರ್ಣವಾಗಿ ನಂಬುವ ಅಗತ್ಯವಿಲ್ಲ. ಯುದ್ಧಕ್ಕೆ ಈ ಫಲವತ್ತಾದ ನೆಲವೇ ಸಾಕಷ್ಟು ಕಾರಣವಾಗಿತ್ತು. ಆದರೆ ಅರಸನನ್ನು ಒಲ್ಲೆನೆಂದ ಅಕ್ಕಸಾಲಿಗನ ಮಗಳನ್ನು ಮಾತ್ರ ಕಥೆಯಿಂದ ಕಳೆಯಲು ಮನಸ್ಸು ಬಾರದು.

ಇದೇ ಊರಿನಲ್ಲಿ 1557ರದೆಂದು ಹೇಳುವ, ಜೆಸುಯಿಟ್ ಪಾದ್ರಿಗಳ ಇಗರ್ಜಿಯೊಂದಿದೆ. ಆದಿಲಶಾಹಿಯ ಮುಸ್ಲಿಂ ಅರಸರ ಕಾಲದ ಕ್ರೈಸ್ತ ಗುಡಿ! ಮೊಹರಂ ದಿನಗಳಲ್ಲಂತೂ ಮುದಗಲ್ಲಿನ ಅಲಾಯಿ ದೇವರುಗಳನ್ನು ಕಾಣಲು ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಕಿಕ್ಕಿರಿದು ಸೇರುತ್ತಾರೆ. ಲೋಕ ಸುತ್ತುವವರು ಯೂರೋಪಿನ ನಗರಗಳಲ್ಲಿ ಹುಡುಕಿ ಹೋಗುವ ಹಳೆಯ ಬೆರಕೆ ಬಾಳುವೆ ಇಲ್ಲಿ ಯಾರ ಗಮನಕ್ಕೂ ಬಾರದೆ ನಡೆದುಕೊಂಡು ಹೋಗುತ್ತಿದೆ.

ಸಂಜೆ ಕೋಟೆಯ ಮೇಲೆ ಕುಳಿತರೆ ಕೆಳಗಿನ ಓಣಿಗಳಿಂದ ಒಲೆಯ ಹೊಗೆ ಮೇಲೇಳುತ್ತದೆ. ಕಂದಕದಲ್ಲಿ ನೀರು ನಿಂತಲ್ಲಿ ಆಕಾಶ ಕೆಂಪಾಗುತ್ತದೆ. ಕತ್ತಲಾಗುವ ಮುಂಚೆ ಇಳಿದು ಲಿಂಗಸುಗೂರಿನ ಬಸ್ಸು ಹಿಡಿಯುವುದು ಕ್ಷೇಮ. ಒಂಟಿಯಾಗಿ ಬಂದವರು, ಮುಖ್ಯವಾಗಿ ಹೆಂಗಸರು, ಈ ಒಂದು ಮಾತನ್ನು ಮೀರಬಾರದು.

1905ರವರೆಗೆ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿದ್ದ, ಒಂದು ಕಾಲಕ್ಕೆ ದಂಡಿನ ಊರಾಗಿದ್ದ ಲಿಂಗಸುಗೂರು ಈಗ ಶಾಂತವಾದ ತಾಲ್ಲೂಕು ಪಟ್ಟಣ. ಬಸ್ಸು ನಿಲ್ದಾಣದ ಸಮೀಪದ ವಸತಿಗೃಹದಲ್ಲಿ, ಉಳಿದ ಹಣಕ್ಕೆ ಹೊಂದುವ ಒಂದು ಕೋಣೆ ದೊರೆಯಬಹುದು. ಈ ಕಡೆ ಒಂಟಿಯಾಗಿ ಚೀಲ ಹೊತ್ತು ಬರುವವರು ಬೀಜದ ಕಂಪನಿಯವರು, ಇಲ್ಲವೆ ಕ್ರಿಮಿನಾಶಕದ ಕಂಪನಿಯವರು. ಮಾಲೀಕನು ದಪ್ಪ ಪುಸ್ತಕವನ್ನು ಮುಂದೆ ತಳ್ಳಿ, “ಯಾವ ಕಂಪನಿ ಕಡಿಂದ ಬಂದೀರ್ರಿ?” ಎಂದು ಕೇಳುತ್ತಾನೆ.

“ಕಂಪನಿ ಏನೂ ಇಲ್ಲ. ಕಲ್ಲು ನೋಡೋಕೆ ಬಂದೆ.”

“ಹಂಗನ್ರಿ ಮತ್ತ, ಗ್ರಾನೈಟಿನ ವ್ಯವಹಾರ ಐತಿ ಅಂತ!” ಎಂದು ಆತನು ತೃಪ್ತನಾಗಿ ಕೀಲಿಕೈ ತೆಗೆದುಕೊಡುತ್ತಾನೆ.